ಬದುಕಿದ್ದವನ ತಿಥಿ

ಬಾಳೂರು
೯-೧೨-೨೦೨೫

ಚಿ. ಗಗನಾಳಿಗೆ ನಿನ್ನ ಬಾಳೂರಜ್ಜಿ ವಿಮಲಮ್ಮನ ಆಶೀರ್ವಾದ.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೈದುಕೋ. ಹಣ್ಣು ಕೊಯ್ಲು ಶುರುವಾಗಿದೆ, ಆಳು ಸಿಗುತ್ತಿಲ್ಲ. ಮೋಡ ಕಂಡರೆ ಕಣದಲ್ಲಿ ಹರಡಿದ ಕಾಫಿ ಮುಚ್ಚಬೇಕೋ ಬಿಡಬೇಕೋ ತಿಳಿಯದೆ ದಿನಕ್ಕೆ ಹತ್ತು ಸಲ ಹೊರಗೆ ಓಡುತ್ತೇನೆ. ಇದೆಲ್ಲ ನೆಪ. ನಿಜ ಹೇಳಬೇಕೆಂದರೆ ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ತಪ್ಪು ಕಂಡರೆ ನಿನ್ನ ಟೀಚರ್ ಬುದ್ಧಿ ತೋರಿಸಿ ಕೆಂಪು ಗೆರೆ ಎಳೆಯಬೇಡ. ಫೋನಿನಲ್ಲಿ ಹೇಳೋಣವೆಂದರೆ ನೀನು ನಗುತ್ತೀ, ನಾನು ಬೈದು ಇಟ್ಟುಬಿಡುತ್ತೇನೆ.

ಹದಿನಾರನೇ ತಾರೀಖು ಕಳಸದ ನಿಮ್ಮ ಶಾಲೆಯಲ್ಲಿ ಯುದ್ಧಕ್ಕೆ ಹೋದವರ ಮನೆಯವರು ಸೇರಿ ಕಥೆ ಹೇಳುತ್ತಾರೆ, ನೀನು ನಿನ್ನ ಅಜ್ಜ, ನನ್ನ ಅಣ್ಣ ಕೃಷ್ಣಪ್ಪನದು ಹೇಳುತ್ತೀ. ಒಳ್ಳೆಯದೇ. ಆದರೆ "ಆ ಹೆಂಚು ತೆಗ್ದು ಇಳಿಸಿದ್ದು ಪೂರ್ತಿ ಬರ್ದು ಕಳ್ಸಿ ಅಜ್ಜಿ, ಜನ ಬಿದ್ದು ಬಿದ್ದು ನಗ್ತಾರೆ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಅಣ್ಣ ಹೋಗಿ ಎಂಟು ವರ್ಷ. ಅತ್ತಿಗೆ, ಅಂದರೆ ನಿನ್ನ ಅಜ್ಜಿ ನಂಜಮ್ಮ, ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ ತಾನೇ?

ಇರಲಿ, ಬರೆಯುತ್ತೇನೆ. ಎಪ್ಪತ್ತೊಂದರ ಡಿಸೆಂಬರಿನಲ್ಲಿ ಅಣ್ಣ ಪಂಜಾಬಿನ ಗಡಿಯಲ್ಲಿದ್ದ. ಯುದ್ಧ ಮುಗಿದ ಮೇಲೆ ತಂತಿ ಬಂತು, ಕಾಣೆಯಾಗಿದ್ದಾನೆ ಅಂತ. ಸತ್ತ ಅಂತಲೂ ಇಲ್ಲ, ಇದ್ದಾನೆ ಅಂತಲೂ ಇಲ್ಲ. ನನಗೆ ಆಗ ಹದಿನೆಂಟು, ಈ ಬಾಳೂರಿಗೆ ಸಂಬಂಧ ಗೊತ್ತಾಗಿತ್ತು. ಎರಡು ತಿಂಗಳು ಕಳೆದಾಗ ಗಂಡಿನ ಕಡೆಯವರು ಮಲ್ಲಂದೂರಿನ ನಮ್ಮ ಮನೆಗೆ ಬಂದು, "ಇದಾನೋ ಇಲ್ವೋ ಒಂದು ತೀರ್ಮಾನ ಮಾಡ್ಕಳಿ ಮಾರಾಯ್ರೆ. ಅನುಮಾನ ಇಟ್ಕಂಡು ಚಪ್ಪರ ಹಾಕಕ್ಕಾಗಲ್ಲ" ಎಂದರು. ಸಾವಾದ ಮನೆಯಲ್ಲಿ ವರ್ಷದೊಳಗೆ ಮದುವೆ ಮಾಡಬೇಕು, ಇಲ್ಲದಿದ್ದರೆ ಮೂರು ವರ್ಷ ಕಾಯಬೇಕು ಅನ್ನುವುದು ನಮ್ಮಲ್ಲಿನ ಪದ್ಧತಿ. ಹಿರಿಯರು ಯುಗಾದಿಗೆ ಮೊದಲೇ ದರ್ಭೆಯಲ್ಲಿ ಅಣ್ಣನ ಆಕಾರ ಮಾಡಿ ಸುಟ್ಟು, ತಿಥಿಯ ಊಟವನ್ನೂ ಹಾಕಿಸಿಬಿಟ್ಟರು. ಅತ್ತಿಗೆಯ ಬಳೆ ಒಡೆದರು. ಮೇ ಕೊನೆಗೆ ನನ್ನ ಮದುವೆಯಾಯಿತು.

ಆಮೇಲೆ ಪಾಕಿಸ್ತಾನದ ಕ್ಯಾಂಪಿನಿಂದ ಕಾರ್ಡು ಬಂತು. ಬಲಭುಜಕ್ಕೆ ಗುಂಡು ಬಿದ್ದು ಆಸ್ಪತ್ರೆಯಲ್ಲಿದ್ದನಂತೆ. ಎಡಗೈಯಲ್ಲಿ ಬರೆಯಲು ಕಲಿತು ಹಾಕಿದ ಕಾರ್ಡು ಅದು. ಆ ವರ್ಷದ ಡಿಸೆಂಬರಿನಲ್ಲಿ ಸೆರೆಯವರನ್ನು ಬಿಟ್ಟರು, ಮನುಷ್ಯನೇ ಬಂದ. ಮೈ ಅರ್ಧವಾಗಿತ್ತು, ಮೀಸೆ ಮಾತ್ರ ಹಾಗೇ ಇತ್ತು.

ಅಪ್ಪ ಅಂಗಳದಲ್ಲೇ ತಡೆದರು. "ತಿಥಿ ಮಾಡಿದವ್ನು ಹೊಸ್ಲು ದಾಟಂಗಿಲ್ಲ ಮಗಾ. ಮತ್ತೆ ಹುಟ್ಟಿ ಬರ್ಬೇಕು."

ಕೊಟ್ಟಿಗೆಯಲ್ಲಿ ಮೀಯಿಸಿ, ಸೂರಿನ ಹೆಂಚು ತೆಗೆದು, ಏಣಿ ಇಟ್ಟು ಒಳಗೆ ಇಳಿಸಿದರು. ಮೊರದಲ್ಲಿ ನಿಲ್ಲಿಸಿ ಕಿವಿಯಲ್ಲಿ ಹೆಸರು ಹೇಳಿದರು. ಪಕ್ಕದ ಮನೆ ಓಂಕಾರಪ್ಪ, "ಅಳೋ ಮಾರಾಯ, ಹುಟ್ಟಿದ ಮಗು ಅಳ್ಬೇಕು!" ಎಂದು ಕೂಗಿದ. ಎಲ್ಲ ನಕ್ಕರು. ಅಣ್ಣ ನಿಜವಾಗಿಯೂ ಅತ್ತ. ನಗುವವರು ಅದನ್ನೂ ತಮಾಷೆ ಅಂದುಕೊಂಡು ಇನ್ನೂ ನಕ್ಕರು. ಮಾರನೇ ದಿನ ಎಡಗೈಯಲ್ಲಿ ತಡವರಿಸುತ್ತಾ ಅತ್ತಿಗೆಗೆ ಎರಡನೇ ಸಲ ತಾಳಿ ಕಟ್ಟಿದ. "ಎರಡು ಮದ್ವೆ ಆದೆ, ಹೆಂಡ್ತಿ ಮಾತ್ರ ಬದ್ಲಾಗ್ಲಿಲ್ಲ" ಅಂತ ಸಾಯುವವರೆಗೂ ಹೇಳುತ್ತಿದ್ದ.

ಇದೆಲ್ಲ ಹೇಳು. ಆದರೆ "ಸೊಸೆಯ ಒಪ್ಪಿಗೆ ಕೇಳಿಯೇ ತಿಥಿ ಮಾಡಿದರು" ಅಂತ ನಮ್ಮವರು ಕಥೆಗೆ ಸೇರಿಸುತ್ತಾರಲ್ಲ, ಅದೊಂದು ನಿನ್ನ ಬಾಯಲ್ಲಿ ಬರಬಾರದು. ಬಂದರೆ ನಾನು ಸುಮ್ಮನಿರುವವಳಲ್ಲ.

ತಣ್ಣನೆ ಗಾಳಿ ಶುರುವಾಗಿದೆ, ಅಜ್ಜಿಗೆ ಕಿವಿ ಕಟ್ಟಿಕೊಳ್ಳಲು ಹೇಳು. ನಿನಗೆ ದೇವರು ಧೈರ್ಯ ಕೊಡಲಿ, ನನ್ನ ಕೋಪ ಕೊಡದಿರಲಿ.

ನಿನ್ನ
ಬಾಳೂರಜ್ಜಿ

ಮರೆತ ಮಾತು: ಮರೆತದ್ದಲ್ಲ. ಅಂಟಿಸಿದ ಕವರು ಬಿಚ್ಚಿ ಬರೆಯುತ್ತಿದ್ದೇನೆ. ಹಿರಿಯರು ಒಪ್ಪಿಗೆ ಕೇಳಿದ್ದು ನಿಜ. ಗಂಡಸರು ಸೊಸೆಯೆದುರು ನಿಂತು ಕೇಳುವ ಹಾಗಿರಲಿಲ್ಲ, ನನ್ನನ್ನು ಒಳಗೆ ಕಳಿಸಿದರು. ಅತ್ತಿಗೆ ಒಲೆಯ ಮುಂದಿದ್ದರು. "ಅವ್ರು ಇದಾರೆ ಕಣೇ ವಿಮಲಾ. ಆಷಾಢದವರೆಗೆ ತಡೀರಿ ಅಂತ ಮಾವಂಗೆ ಹೇಳು. ಆಮೇಲೆ ಮಾವ ಹೇಳ್ದಂಗೆ" ಎಂದರು. ನಾನು ಹೊರಗೆ ಬಂದು, "ಅತ್ತಿಗೆ ಒಪ್ಪಿದಾರೆ" ಎಂದೆ. ಗಂಡು ಕೈತಪ್ಪುತ್ತದೆ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಕಾರ್ಡು ಬಂದಾಗ ಆಷಾಢಕ್ಕೆ ಇನ್ನೂ ಒಂದು ವಾರವಿತ್ತು. ಐವತ್ತಮೂರು ವರ್ಷದಲ್ಲಿ ಅತ್ತಿಗೆ ಯಾರಿಗೂ ಹೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಪ್ರತಿ ಗೌರಿಹಬ್ಬಕ್ಕೂ ತವರಿನ ಬಾಗಿನವೆಂದು ನನಗೆ ಬಳೆ ಕಳಿಸುತ್ತಾರೆ.

ಹದಿನಾರಕ್ಕೆ ಬೆಳಗಿನ ಬಸ್ಸಿಗೆ ಬರುತ್ತೇನೆ. ನೀನು ಹೇಳಿ ಮುಗಿಸಿದ ಮೇಲೆ ಮೈಕು ನನಗೆ ಕೊಡು. ಅತ್ತಿಗೆಗೆ ಮೊದಲೇ ತಿಳಿಸಬೇಡ. ಅವರು ಬೇಡ ಅಂದರೆ ನಾನು ಸುಲಭವಾಗಿ ಒಪ್ಪಿಕೊಂಡುಬಿಡುತ್ತೇನೆ.