ಹೊರಗಿನ ಡಿಸ್ಕಿನ ದೀಪ

ಫೆಬ್ರವರಿ 4

“ಕಡಲು ಸೇರುವ ನದಿ ತನ್ನ ಹೆಸರನ್ನು ದಡದಲ್ಲೇ ಬಿಟ್ಟು ಹೋಗುತ್ತದೆ.” ದಡದಲ್ಲೋ, ಸೇತುವೆಯ ಕೆಳಗೋ? ಸೇತುವೆಯೇ ಇರಬೇಕು. ಕಾಸಿಲ್ದಾ ಸೇತುವೆಗಳ ಊರಾದ ಮಾತಾನ್ಸಾಸಿನವಳು. ಆದರೂ ಅನುಮಾನ. ನದಿಗೆ ಹೆಸರಿಟ್ಟವರು ನಾವು. ಬಿಟ್ಟುಹೋಗಲು ಅದರ ಬಳಿ ಏನಿತ್ತು?

ಕೇಳಿ ನೋಡೋಣವೆಂದರೆ ಲ್ಯಾಪ್‌ಟಾಪ್ ಏಳಲು ಹನ್ನೊಂದು ನಿಮಿಷ. ಎದ್ದ ಮೇಲೂ ಧ್ವನಿ ತುಂಡು ತುಂಡು. ಅವಳ ಹಾಡು ಎಂಟು ಗಂಟೆಯಷ್ಟು ಮುದ್ರಿಸಿಕೊಂಡಿದ್ದೇನೆ. ಬರೆದುಕೊಂಡಿದ್ದು ಅರ್ಧ. ಪ್ರಬಂಧ ಒಪ್ಪಿಸಬೇಕಾದ್ದು ಜೂನಿಗೆ.

ಕಾಸಿಲ್ದಾ ಆಶುಕವಿ. ಒಮ್ಮೆ ಹಾಡಿದ ಪದ್ಯವನ್ನು ಮತ್ತೆ ಹಾಡುವುದು ನಾಚಿಕೆಗೇಡು ಅನ್ನುತ್ತಿದ್ದಳು. ಹೋದ ಏಪ್ರಿಲಿನಲ್ಲಿ ತೀರಿಕೊಂಡಳು. ಆ ಧ್ವನಿ ಈಗ ಇರುವುದು ನನ್ನ ಹೊರಗಿನ ಡಿಸ್ಕಿನಲ್ಲಿ ಮಾತ್ರ. ನಕಲು ಮಾಡಲು ಇನ್ನೊಂದು ಡಿಸ್ಕ್ ಎಲ್ಲಿಂದ ತರಲಿ…

ಫೆಬ್ರವರಿ 7

ನಮ್ಮ ವಿಭಾಗದ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಲಿಯೊನೆಲ್ ಒಂದು ಪೆನ್‌ಡ್ರೈವ್ ಕೊಟ್ಟ. ಒಳಗೆ ಒಂದು ಲಿನಕ್ಸ್, ಯಂತ್ರ ನಡೆಸುವ ವ್ಯವಸ್ಥೆ. ಕಟ್ಟಿದ್ದಲ್ಲ, ನಾವೇ ಕಟ್ಟಿಕೊಳ್ಳಬೇಕಾದ್ದು. ಬೇಡದ್ದೊಂದೂ ಇರುವುದಿಲ್ಲವಂತೆ. ಇಂಥ ಮುದಿ ಯಂತ್ರವೂ ಓಡುತ್ತದಂತೆ.

“ಇದು ರೆಡಿಮೇಡ್ ಅಂಗಿ ಅಲ್ಲ ಮೇಷ್ಟ್ರಮ್ಮ, ಬಟ್ಟೆ ಥಾನು. ಕತ್ತರಿಸೋದು, ಹೊಲಿಯೋದು ಎಲ್ಲ ನೀವೇ.”

“ಅಳತೆ ತಪ್ಪಿದರೆ?”

“ಬರಿಮೈಲಿ ಓಡಾಡ್ತೀರಿ.”

ಫೆಬ್ರವರಿ 12

ಒಳಗಿನ ಡಿಸ್ಕನ್ನು ಒರೆಸಿ ಶುರು ಮಾಡಿದೆ. ಪೆನ್‌ಡ್ರೈವಿನಿಂದ ಯಂತ್ರ ಏಳುತ್ತದೆ. ಕಪ್ಪು ಪರದೆ, ಮಿನುಗುವ ಒಂದು ಗೆರೆ. ಐಕಾನಿಲ್ಲ, ಸ್ವಾಗತವಿಲ್ಲ. ಮೊದಲು ಕಟ್ಟುವ ಉಪಕರಣವನ್ನೇ ಕಟ್ಟಬೇಕು. ಆಮೇಲೆ ಅದರಿಂದಲೇ ಅದನ್ನು ಇನ್ನೊಮ್ಮೆ ಕಟ್ಟಿ, ಮೊದಲನೆಯದನ್ನು ಎಸೆಯಬೇಕು. ಕರಡು ಹರಿದುಹಾಕಿದ ಹಾಗೆ. ಹಿಡಿಸಿತು.

ಕರೆಂಟು ಐದು ಗಂಟೆ ಇರುತ್ತದೆ, ಐದು ಗಂಟೆ ಇರುವುದಿಲ್ಲ. ಬ್ಯಾಟರಿ ಸತ್ತು ವರ್ಷಗಳಾದವು. ಈ ಮೊದಲ ಸುತ್ತು ಕಟ್ಟಲು ಬೇಕಾದ್ದು ನಾಲ್ಕೂವರೆ ಗಂಟೆ. ಕರೆಂಟು ಬಂದ ಕ್ಷಣ ಕೂರಬೇಕು, ಅಷ್ಟೆ.

ಫೆಬ್ರವರಿ 13

ಸೊರಾಯ್ದಾ ಕಾಫಿ ತಂದಳು. ಪಕ್ಕದ ಮನೆ, ಕಾಸಿಲ್ದಾಳ ಮಗಳು, ಅರವತ್ತೆರಡು. ಏಪ್ರಿಲ್ ಒಂಬತ್ತಕ್ಕೆ ಅಮ್ಮ ಹೋಗಿ ವರ್ಷ. ಬಾಗಿಲಲ್ಲೇ ನಿಂತು, ನನ್ನತ್ತ ನೋಡದೆ ಕೇಳಿದಳು: “ಆ ದಿನ ಅವಳ ಹಾಡು ಹಾಕ್ತೀಯಾ ಮಗಳೇ? ನಾನು ಒಂದು ಸಲವೂ ಕೇಳಿಲ್ಲ.”

ಕೇಳಿಲ್ಲ, ನಿಜ. ಚಿಕ್ಕವಳಿದ್ದಾಗ ಅವಳನ್ನು ಚಿಕ್ಕಮ್ಮನ ಬಳಿ ಬಿಟ್ಟು ಅಮ್ಮ ಊರೂರು ಸ್ಪರ್ಧೆಗೆ ಹೋಗುತ್ತಿದ್ದಳು. ಆ ಸಿಟ್ಟು ಐವತ್ತು ವರ್ಷ ಉಳಿಯಿತು. ಇದೇ ಕೋಣೆಯಲ್ಲಿ ಹನ್ನೊಂದು ಸಂಜೆ ನಾನು ಮುದ್ರಿಸಿಕೊಳ್ಳುವಾಗ ಅವಳ ಮನೆಯ ಕಿಟಕಿ ಮುಚ್ಚಿರುತ್ತಿತ್ತು.

ಖಂಡಿತ ಅಂದೆ. ಹೊರಗಿನ ಡಿಸ್ಕ್ ಸಿಕ್ಕಿಸಿ, ಅವಳಿಗೆ ಮೊದಲು ಯಾವುದನ್ನು ಕೇಳಿಸಲಿ ಎಂದು ಕಡತಗಳ ಹೆಸರು ನೋಡುತ್ತ ಕೂತೆ.

ಫೆಬ್ರವರಿ 14, ಮಧ್ಯಾಹ್ನ 2

ಹೇಳಿದ ಸಮಯಕ್ಕಿಂತ ಮೊದಲೇ ಕರೆಂಟು ಹೋಗಿತ್ತು. ಕಟ್ಟಿದ್ದೆಲ್ಲ ಕೆಟ್ಟಿತು. ಈಗ ಬಂದಿದೆ. ಮತ್ತೆ ಮೊದಲಿಂದ – ಡಿಸ್ಕ್ ಒರೆಸುವುದು, ಕಟ್ಟುವುದು. ಆಜ್ಞೆಗಳು ಕಾಗದದಲ್ಲಿ ಬರೆದಿವೆ. “ಒರೆಸುವ ಮುನ್ನ ಪ್ರಶ್ನೆ ಕೇಳಬೇಡ” ಎನ್ನುವ ಗುರುತನ್ನೂ ನಾನೇ ಸೇರಿಸಿದ್ದೇನೆ, ನಿಮಿಷ ಉಳಿಯಲೆಂದು.

ಸಂಜೆ 6

ಕೆಲಸ ಸರಾಗ. ತಲೆಯೆತ್ತಿ ನೋಡಿದರೆ ಹೊರಗಿನ ಡಿಸ್ಕಿನ ಪುಟ್ಟ ನೀಲಿ ದೀಪ ಮಿನುಗುತ್ತಿದೆ.

ಅದು ಮಿನುಗಬಾರದು.

ಫೆಬ್ರವರಿ 15

ಲಿಯೊನೆಲ್ ಬಂದು ನೋಡಿದ. ಈ ವ್ಯವಸ್ಥೆಯಲ್ಲಿ ಡಿಸ್ಕುಗಳಿಗೆ ಅಕ್ಷರಗಳೇ ಹೆಸರು. ಒಳಗಿನದು ಎ, ಹೊರಗಿನದು ಬಿ. ಯಂತ್ರ ಆರಿ ಮತ್ತೆ ಎದ್ದಾಗ ಯಾವುದು ಮೊದಲು ಕಂಡಿತೋ ಅದೇ ಎ. ನಿನ್ನೆ ಹೊರಗಿನದು ಮೊದಲು ಕಂಡಿತು. ನಾನು ಪರೀಕ್ಷಿಸಲಿಲ್ಲ. ಕಾಗದದಲ್ಲಿದ್ದಂತೆ ಎ ಎಂದು ಬರೆದೆ. ಬರಿ ಒರೆಸಿದ್ದರೆ ಏನಾದರೂ ಸಿಗುತ್ತಿತ್ತಂತೆ. ಅದರ ಮೇಲೆ ನಾಲ್ಕು ಗಂಟೆ ಕಟ್ಟಿದ್ದೇನೆ.

ಅವನು ತಮಾಷೆ ಮಾಡಲಿಲ್ಲ. ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ ಒಯ್ದ.

ಫೆಬ್ರವರಿ 21

ಸಿಕ್ಕಿದ್ದು ಒಂಬತ್ತು ಸೆಕೆಂಡು. ಕುರ್ಚಿ ಎಳೆದ ಸದ್ದು, ಹೊರಗೆಲ್ಲೋ ಕೋಳಿ. ಆಮೇಲೆ ನನ್ನದೇ ಧ್ವನಿ: “ಶುರು ಮಾಡೋಣವೇ?”

ಮಾರ್ಚ್ 22

ಒಂದು ತಿಂಗಳು ಈ ದಿನಚರಿಯನ್ನು ಮುಟ್ಟಲಿಲ್ಲ. ಯಂತ್ರವನ್ನು ಮಾತ್ರ ಮುಟ್ಟಿದೆ. ಯಾಕೆಂದು ಗೊತ್ತಿಲ್ಲ. ಇವತ್ತು ಮುಗಿಯಿತು. ಈಗ ಹದಿನಾಲ್ಕು ಸೆಕೆಂಡಿಗೆ ಏಳುತ್ತದೆ. ಚೊಕ್ಕವಾಗಿದೆ. ಧ್ವನಿ ಕೇಳಿಸುವ ಪ್ರೋಗ್ರಾಮನ್ನೂ ಕಟ್ಟಿದ್ದೇನೆ. ನಿಧಾನ ಮಾಡಿಯೂ ಕೇಳಬಹುದು, ಒಂದೊಂದೇ ಅಕ್ಷರ.

ಸೊರಾಯ್ದಾಳ ಕಾಫಿ ದಿನವೂ ಬರುತ್ತಿದೆ. ಕುಡಿಯುತ್ತಿದ್ದೇನೆ. ಇನ್ನೂ ಹೇಳಿಲ್ಲ.

ಮಾರ್ಚ್ 30

ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕರೆಂಟಿನ ಕತೆ, ಅಕ್ಷರಗಳ ಕತೆ ಎಲ್ಲ ಹೇಳಲು ಹೊರಟೆ. ಅರ್ಧಕ್ಕೇ ಬಿಟ್ಟೆ. ನಾನು ಅಳಿಸಿಬಿಟ್ಟೆ, ನೋಡದೆ ಅಳಿಸಿದೆ ಅಂದೆ. ಬೇಕಂತ ಅಳಿಸಿದೆಯಾ ಎಂದು ಕೇಳಿದಳು. ಇಲ್ಲ ಅಂದೆ. ಮತ್ತೆ ಅಕ್ಕಿಗೆ ಬಗ್ಗಿದಳು. ಕಲ್ಲೆಲ್ಲ ಮುಗಿದ ಮೇಲೂ ಆರಿಸುತ್ತಲೇ ಇದ್ದಳು. ಎದ್ದು ಬಂದೆ.

ಏಪ್ರಿಲ್ 3

ಕಾಫಿ ಬಂದಿಲ್ಲ. ನಾಲ್ಕು ದಿನ. ನಮ್ಮಿಬ್ಬರ ನಡುವಿನ ಗೋಡೆ ತೆಳು. ಅವಳು ಕೆಮ್ಮುವುದು ಕೇಳುತ್ತದೆ.

ಏಪ್ರಿಲ್ 9, ಬೆಳಿಗ್ಗೆ 10

ಸೊರಾಯ್ದಾ ಬಂದಿದ್ದಾಳೆ. ಕಪ್ಪು ಉಡುಪು, ಇಗರ್ಜಿಯಿಂದ ನೇರ. ಒಳಗೆ ಬಾ ಅಂದರೂ ಹೊಸಿಲ ಹೊರಗೇ ನಿಂತಿದ್ದಾಳೆ. ಪದ್ಯಗಳನ್ನು ಬರೆದುಕೊಂಡ ಪುಸ್ತಕ ತರುತ್ತೇನೆಂದು ಒಳಗೆ ಬಂದೆ. ಅರ್ಧವಾದರೂ ಅದರಲ್ಲಿದೆ. ಪುಸ್ತಕ ಕೈಯಲ್ಲೇ ಇದೆ, ಹೊರಗೆ ಹೋಗದೆ ಇಲ್ಲಿ ಕೂತು ಬರೆಯುತ್ತಿದ್ದೇನೆ. ನಾನು ಒಳಗೆ ಬರುವಾಗ ಅವಳು ಬಾಗಿಲಿಂದ ಹೇಳಿದ್ದನ್ನು ಇದ್ದ ಹಾಗೇ ಬರೆದಿಡುತ್ತೇನೆ:

“ಪುಸ್ತಕ ಬೇಡ ಮಗಳೇ, ಓದೋಕೆ ನನಗೂ ಬರುತ್ತೆ. ಹನ್ನೊಂದು ಸಂಜೆ ಅವಳ ಎದುರು ಕೂತಿದ್ದವಳು ನೀನು. ಎಲ್ಲೆಲ್ಲಿ ಉಸಿರು ತಗೊಳ್ತಿದ್ದಳು, ಅದನ್ನ ಹೇಳು.”