ರೋಗಾಣುವಿನ ಸೂಜಿ

ಆಸ್ಪತ್ರೆಯ ಹೊರಬೆಂಚು
ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಚೂಟೀ,

ಹೇಗಿದ್ದೀಯ? ನೆಗಡಿ ಬಿಟ್ಟಿತೇ? ಪ್ರಯೋಗಾಲಯದಲ್ಲಿ ಕೂತು ಊಟ ತಪ್ಪಿಸುವ ಚಾಳಿ ಮಾತ್ರ ಬಿಟ್ಟಿರಲಾರೆ, ಬೈದು ಬೈದು ನನಗೇ ಸಾಕಾಗಿದೆ. ನಾನು ಚೆನ್ನಾಗಿದ್ದೇನೆ. ನಿನ್ನ ಅಮ್ಮ ಚೆನ್ನಾಗಿಲ್ಲ.

ಪಿತ್ತಕೋಶದ ಕಲ್ಲು ತೆಗೆಸಲು ಬಂದವಳು. "ಅವಳಿಗೆ ಫೋನ್ ಮಾಡಿದ್ರೆ ನನ್ನಾಣೆ, ಕೆಲಸ ಬಿಟ್ಟು ಓಡಿ ಬರ್ತಾಳೆ" ಎಂದು ಆಪರೇಷನ್ನಿಗೆ ಮುಂಚೆ ನನ್ನ ಬಾಯಿ ಕಟ್ಟಿಹಾಕಿದಳು. ಕಾಗದ ಬರೆಯಬೇಡಿ ಎಂದಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆಪರೇಷನ್ ಆದ ಮೇಲೆ ಉಸಿರು ಕೈಕೊಟ್ಟಿತು. ಗಂಟಲಿಗೆ ಕೊಳವೆ ಹಾಕಿದರು. ಆ ಕೊಳವೆ ಹಿಡಿದೇ ರೋಗಾಣು ಶ್ವಾಸಕೋಶಕ್ಕಿಳಿಯಿತು. ಡಾಕ್ಟರಮ್ಮ ಅದರ ಹೆಸರು ಹೇಳಿದಾಗ ಇನ್ನೊಮ್ಮೆ ಹೇಳಿಸಿ ಕೇಳಿದೆ. ನೀನು ಇಷ್ಟು ವರ್ಷ ಗಾಜಿನ ತಟ್ಟೆಯಲ್ಲಿ ಸಾಕಿಕೊಂಡು ಬಂದಿರುವುದೇ ಅದು.

ಹಿಂದಿನ ರಜೆಯಲ್ಲಿ ನನ್ನ ಹೊಲಿಗೆ ಮಿಷನ್ನಿನ ಪಕ್ಕ ಕೂತು ಹೇಳಿದ್ದೆಯಲ್ಲ: "ಅಪ್ಪಾ, ಅದಕ್ಕೂ ಒಂದು ಸೂಜಿ ಇದೆ, ಒಳಗೆ ಟೊಳ್ಳು. ಮಡಿಸಿಟ್ಟ ವಿಷದ ಪ್ರೋಟೀನನ್ನ ಬಿಚ್ಚಿ, ನೂಲಿನ ಹಾಗೆ ಮಾಡಿ, ತನ್ನ ಎರಡು ಪದರದ ಹೊದಿಕೆ ದಾಟಿಸಿ, ಸೀದಾ ನಮ್ಮ ಜೀವಕೋಶದೊಳಕ್ಕೆ ತೂರಿಸುತ್ತೆ." ಕೈಯೇ ಇಲ್ಲದ್ದಕ್ಕೆ ಎಂಥ ದರ್ಜಿ ಕೆಲಸವೇ ಎಂದು ನಕ್ಕಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಅದು ಕಥೆಯ ಹಾಗೆ ಕೇಳಿಸಿತ್ತು. ಈಗ ಗಾಜಿನ ಬಾಗಿಲಾಚೆ ನಿನ್ನ ಅಮ್ಮನ ಎದೆ ಯಂತ್ರ ಹೇಳಿದಂತೆ ಏರಿಳಿಯುವುದನ್ನು ನೋಡುತ್ತ ನಿಲ್ಲುತ್ತೇನೆ. ತನ್ನನ್ನು ತಿನ್ನಲು ಬಂದ ಕಾವಲಿನ ಜೀವಕೋಶಗಳನ್ನೇ ಆ ರೋಗಾಣು ಮೊದಲು ಚುಚ್ಚುತ್ತದಂತೆ. ಔಷಧ ಬದಲಾಯಿಸಿ ಬದಲಾಯಿಸಿ ನೋಡಿದರು, ಯಾವುದಕ್ಕೂ ಜಗ್ಗಿಲ್ಲ. ಆ ಸೂಜಿಯ ಬಾಯಿ ಮುಚ್ಚಿಸಲು ನೀನು ಮಾಡುತ್ತಿರುವ ಮದ್ದಿನ ಬಗ್ಗೆ ಡಾಕ್ಟರಮ್ಮನನ್ನು ಕೇಳಿದೆ. "ಅದಿನ್ನೂ ಇಲಿಗಳನ್ನ ದಾಟಿ ಬಂದಿಲ್ಲ, ಯಜಮಾನ್ರೇ" ಎಂದರು. ಹಾಗಾದರೆ ಇಷ್ಟು ದಿನ ಇಲಿಗಳ ಆರೈಕೆ ಮಾಡಿದಿರಾ ಎಂದು ರೇಗಿದೆ. ಪಾಪ, ಅವರೇನು ಮಾಡಿಯಾರು. ನೀನಾದರೂ ಏನು ಮಾಡೀಯೆ. ಮದ್ದು ತಾ ಎಂದು ಕೇಳಲು ಬರೆದದ್ದಲ್ಲ ಇದು.

ತಲೆಯ ಮೇಲೆ ನನ್ನ ಕೈಯಿದೆ ಎಂದುಕೋ. ಚೆನ್ನಾಗಿರು, ಮಗಾ.

ನಿನ್ನ ಸಿಡುಕಿನ
ಅಪ್ಪ

ತಾ.ಕ.: ಕಾಗದ ತಂದ ಆಸ್ಪತ್ರೆಯ ಚಾಲಕ ಒಂದು ಡಬ್ಬಿಯನ್ನೂ ತಂದಿರುತ್ತಾನೆ. ಯಾವ ಔಷಧಕ್ಕೂ ಸಾಯದ ರೋಗಾಣುವನ್ನು ನಿಮ್ಮ ಪ್ರಯೋಗಾಲಯಕ್ಕೆ ಕಳಿಸುವುದು ಇಲ್ಲಿಯ ರೂಢಿಯಂತೆ. ಮೇಲೆ ನಂಬರಿದೆ, ಹೆಸರಿಲ್ಲ. ಅದು ನಿನ್ನ ಅಮ್ಮನ ಎದೆಯಿಂದ ತೆಗೆದದ್ದು. ನೀನು ತೆರೆಯಬೇಡ, ಬೇರೆಯವರ ಕೈಗೆ ಕೊಡು. ಅಮ್ಮ ನಾಳೆಯತನಕ ಉಳಿದರೆ ಹೆಚ್ಚು ಎಂದಿದ್ದಾರೆ. ಅದೇ ಗಾಡಿ ಹತ್ತಿ ಬಾ, ಚಾಲಕನಿಗೆ ಕಾಯಲು ಹೇಳಿದ್ದೇನೆ.