ಅತಿ ಹೆಚ್ಚು ಸಲ ಬರುವ ಹೆಸರು

ಭಾನುವಾರ, ೧೪ ಜೂನ್

ಪ್ರೀತಿಯ ಅಕ್ಕನಿಗೆ,

ಸಮಸ್ತ ಲೋಕಕ್ಕೆ, ಅದರಲ್ಲೂ ವಿಶೇಷವಾಗಿ ನಿನಗೆ, ಈ ಮೂಲಕ ತಿಳಿಯಪಡಿಸುವುದೇನೆಂದರೆ: ನಮ್ಮ ಊಟದ ಮೇಜಿನ ಕಿಟಕಿ ಪಕ್ಕದ ಕುರ್ಚಿ ಕಿರುಗುಟ್ಟುವುದನ್ನು ನಿಲ್ಲಿಸಿದೆ. ಹೌದು, ಅದೇ ಕುರ್ಚಿ. ಬಡಗಿ ಬಂದು ಮೊಳೆ ಹೊಡೆದು, ಅಂಟು ಸುರಿದು, ಕೊನೆಗೆ "ಇದು ಮರದ ದೋಷ ಅಲ್ಲಮ್ಮ, ಇದರ ಸ್ವಭಾವವೇ ಹೀಗೆ" ಎಂದು ಕೈತೊಳೆದುಕೊಂಡು ಹೋದ ಕುರ್ಚಿ. ಈಗ ಯಾರ ಹಂಗೂ ಇಲ್ಲದೆ ತಾನಾಗಿಯೇ ತೆಪ್ಪಗಾಗಿದೆ. ಪತ್ರಿಕೆಯವರು ಯಾರೂ ಬರಲಿಲ್ಲವಾದ್ದರಿಂದ ಸುದ್ದಿಯನ್ನು ನಾನೇ ಬರೆಯಬೇಕಾಯಿತು.

ಉತ್ತರ ತಡವಾಯಿತು, ಬೈಯಬೇಡ. ಬೈದರೂ ಸರಿ, ಪೂರ್ತಿ ಓದಿ ಆಮೇಲೆ ಬೈ. ನಿನ್ನ ಪತ್ರಗಳೆಲ್ಲ ಬಂದಿವೆ. ಫೋನಿನಲ್ಲಿ ನಾನು ಸುಳ್ಳು ಹೇಳುತ್ತೇನೆ, ಕಾಗದದ ಮೇಲೆ ಹೇಳೋಕೆ ಬರಲ್ಲ ಅಂತ ನೀನು ಪತ್ರ ಹಿಡಿದೆ; ಜಾಣೆ. ಅದಕ್ಕೇ ಪ್ರತಿ ಸಲ ಪೆನ್ನು ಹಿಡಿದು "ಪ್ರೀತಿಯ ಅಕ್ಕನಿಗೆ" ಅಂತ ಬರೆದು ಎದ್ದು ಹೋಗುತ್ತಿದ್ದೆ. ಅಮ್ಮ ಫೋನಿನಲ್ಲಿ ಯಾಕೆ ಎರಡು ಮಾತಾಡಿ ಇಟ್ಟುಬಿಡುತ್ತಾಳೆ, ಹಿಂದೆ ಯಾರೋ ಕೆಮ್ಮುತ್ತಾರಲ್ಲ ಯಾರದು ಅಂತ ಕೇಳಿದ್ದೀಯ. ಕೆಮ್ಮಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನ್ನ ವೃತ್ತಿಯ ಸಮಾಚಾರ. ನಿನ್ನ ತಂಗಿ ಈ ಬೀದಿಯಲ್ಲಿ "ತೃಪ್ತಿ ಡಾಕ್ಟರ್" ಎಂದೇ ಪ್ರಖ್ಯಾತಳು. ಕಾರಣ ಅಮ್ಮ. ಎದುರು ಮನೆಯಾಕೆ "ನಿಮ್ಮ ಮಗಳು ಏನು ಓದಿರೋದು?" ಅಂತ ಕೇಳಿದಾಗ, "ಯಾವುದರಿಂದ ತೃಪ್ತಿ ಆಗುತ್ತೆ, ಯಾವುದರಿಂದ ಆಗಲ್ಲ ಅಂತ ಕಂಡುಹಿಡಿಯೋ ಡಾಕ್ಟರಿಕೆ" ಅಂದಳಂತೆ. ಮರುದಿನವೇ ಆಕೆ ಗಂಡನ ಹೊಟ್ಟೆಯುಬ್ಬರ ತೋರಿಸೋಕೆ ಕರೆದುಕೊಂಡು ಬಂದಳು. ನಾನು ತರ್ಕಸೂತ್ರಗಳ ತೃಪ್ತಿ ನೋಡುವವಳು ಎಂದು ತಿಳಿಸಿ ಹೇಳುವಷ್ಟರಲ್ಲಿ ಆ ಮನುಷ್ಯ ಅಂಗಿ ಮೇಲೆತ್ತಿಯಾಗಿತ್ತು.

ನಿನಗೂ ಒಮ್ಮೆ ಸರಿಯಾಗಿ ಹೇಳಿಬಿಡುತ್ತೇನೆ. ಮನೆಗೆ ಅತಿಥಿಗಳು ಬರುತ್ತಾರೆ ಅಂದುಕೋ. ಒಬ್ಬೊಬ್ಬರದೂ ಮೂರು ಬೇಡಿಕೆ: ಕಿಟಕಿ ತೆಗೆದಿರಬೇಕು, ಇಲ್ಲವೇ ಫ್ಯಾನು ಹಾಕಬೇಕು, ಇಲ್ಲವೇ ಆ ಷಡ್ಡಕ ಬರಕೂಡದು. ಮೂರರಲ್ಲಿ ಒಂದು ನಡೆದರೂ ಆ ಅತಿಥಿ ಸುಮ್ಮನಿರುತ್ತಾನೆ. ಆದರೆ ಪಕ್ಕದವನಿಗೆ ಕಿಟಕಿ ಮುಚ್ಚಿರಬೇಕು, ಇನ್ನೊಬ್ಬಳಿಗೆ ಷಡ್ಡಕ ಬಂದೇ ತೀರಬೇಕು. ಎಲ್ಲರೂ ಒಟ್ಟಿಗೆ ಸುಮ್ಮನಿರುವ ಏರ್ಪಾಡು ಇದೆಯೋ ಇಲ್ಲವೋ? ಇದ್ದರೆ ಸೂತ್ರ ತೃಪ್ತ, ಇಲ್ಲದಿದ್ದರೆ ಅತೃಪ್ತ. ಯಾರಾದರೂ ಏರ್ಪಾಡು ಮಾಡಿ ತೋರಿಸಿದರೆ ಸರಿಯೋ ತಪ್ಪೋ ಅಂತ ಮಕ್ಕಳೂ ಹೇಳಬಹುದು. ಹುಡುಕುವುದು ಮಾತ್ರ ಕಷ್ಟ. ಅತಿಥಿಗಳು ಹೆಚ್ಚಿದ ಹಾಗೆಲ್ಲ ಹುಡುಕಾಟ ಊಹೆಗೆ ಮೀರಿ ಬೆಳೆಯುತ್ತದೆ. ಇದಕ್ಕೆ ಚುರುಕಾದ ದಾರಿ ಇದೆಯೋ ಇಲ್ಲವೋ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ನಾನು ಕಂಡುಕೊಂಡಿದ್ದ ದಾರಿ ಇದು: ಅತಿ ಹೆಚ್ಚು ಬೇಡಿಕೆಗಳಲ್ಲಿ ಯಾರ ಹೆಸರು ಬರುತ್ತದೋ ಅವರ ವಿಷಯವನ್ನು ಮೊದಲು ತೀರ್ಮಾನಿಸು. ಬರಬೇಕೋ ಬೇಡವೋ, ಆಗಲೇ ಗಟ್ಟಿ ಮಾಡು. ಉಳಿದ ಗಲಾಟೆ ಸರಸರ ಇಳಿಯುತ್ತದೆ. ಒಂದು ಬಗೆಯ ಸೂತ್ರಗಳಿಗೆ ಈ ನಿಯಮ ಯಾವತ್ತೂ ದಾರಿ ತಪ್ಪಿಸುವುದಿಲ್ಲ ಅಂತ ಸಾಧಿಸಲು ವರ್ಷಗಟ್ಟಲೆ ಒದ್ದಾಡಿದೆ, ಸಾಧಿಸಿದೆ ಅಂದುಕೊಂಡೂ ಆಗಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗ ಬೇರೆ ಮಾತೇ ಇರಲಿಲ್ಲ. ಅಮ್ಮ ಆ ಕಿರುಗುಟ್ಟುವ ಕುರ್ಚಿಯಲ್ಲಿ ಕೂತು, "ಗೊತ್ತಾಯ್ತು ಬಿಡೇ, ಯಾರ ಹೆಸರು ಜಾಸ್ತಿ ಬರುತ್ತೋ ಅವರ ಜುಟ್ಟು ಮೊದಲು ಹಿಡಿಯೋದು. ಇದಕ್ಕೆ ಇಷ್ಟು ಓದಬೇಕಿತ್ತಾ?" ಅನ್ನುತ್ತಿದ್ದಳು.

ಇನ್ನು ಅಮ್ಮನ ವಿಷಯ. ಹಾಲಿಟ್ಟು ಮರೆತು ಮಲಗಿದ್ದು, ಅಡುಗೆಮನೆಯೆಲ್ಲ ಹೊಗೆ ತುಂಬಿದ್ದು, ಎದುರು ಮನೆಯಾಕೆಯ ಗಂಡ, ಅದೇ ಹೊಟ್ಟೆಯುಬ್ಬರದ ಪುಣ್ಯಾತ್ಮ, ಬಾಗಿಲು ಮುರಿದದ್ದು ನಿನಗೆ ಗೊತ್ತು. ಅದಾದ ಮೇಲೆ ಹಗಲು ಜೊತೆಗಿರಲಿ ಎಂದು ಒಬ್ಬಾಕೆಯನ್ನು ಗೊತ್ತು ಮಾಡಿದೆ. ಅಮ್ಮ ಆಕೆಯನ್ನು ಸಂಜೆಯೊಳಗೆ ಓಡಿಸಿದಳು. "ನಾನು ಉಸಿರಾಡ್ತಿದ್ದೀನೋ ಇಲ್ವೋ ಅಂತ ನೋಡ್ಕೊಂಡು ಕೂರೋಕೆ ಒಬ್ಬಳು ಬೇಕಾ? ಆಡ್ತಿಲ್ಲ ಅಂದ್ರೆ ನಿಮಗೇ ಗೊತ್ತಾಗುತ್ತೆ ಬಿಡು." ನಿನ್ನ ಮನೆಗೆ ಕಳಿಸೋಣವೆಂದರೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ನಮ್ಮನೆಯವರು ಬೆಳಗ್ಗೆ ಆಸ್ಪತ್ರೆಯ ಲ್ಯಾಬಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ನನ್ನದೋ ವಿಶ್ವವಿದ್ಯಾಲಯದಲ್ಲಿ ವರ್ಷವರ್ಷ ಮುಂದುವರಿಸುವ ಕೆಲಸ. ವಿಭಾಗದಲ್ಲಿ ಮುಖ ಕಾಣದಿದ್ದರೆ ಮುಂದುವರಿಸುವುದಿಲ್ಲ.

ಒಂದು ಭಾನುವಾರ ಇದೇ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು, ತಮಾಷೆಗೆ, ಅಕ್ಕಾ, ಬರೀ ತಮಾಷೆಗೆ, ನಮ್ಮ ಮನೆಯನ್ನೇ ಸೂತ್ರ ಮಾಡಿ ನನ್ನ ಪ್ರೋಗ್ರಾಮಿಗೆ ಕೊಟ್ಟೆ. ಅಮ್ಮ ಹಗಲು ಒಬ್ಬಳೇ ಇರಬಾರದು. ಅಮ್ಮನ ಜೊತೆ ಹೊರಗಿನವರು ಇರಬಾರದು. ಅಮ್ಮ ಅಕ್ಕನ ಮನೆಯ ಮೆಟ್ಟಿಲು ಹತ್ತಲಾರಳು. ನಾನು ವಿಭಾಗಕ್ಕೆ ಹೋಗಬೇಕು. ಇವರು ಲ್ಯಾಬಿಗೆ ಹೋಗಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: ಅತೃಪ್ತ.

"ಅಂದ್ರೆ?" ಅಂದಳು ಅಮ್ಮ, ಕುರ್ಚಿಯನ್ನು ಕಿರ್ರೆನಿಸಿ ಹತ್ತಿರ ಎಳೆದುಕೊಂಡು.

"ಅಂದ್ರೆ ಇವಿಷ್ಟೂ ಒಟ್ಟಿಗೆ ಬಾಳಲ್ಲ. ಇದರಲ್ಲಿ ಒಂದನ್ನ ತೆಗೆದರೆ ಉಳಿದವು ಹೊಂದಿಕೊಳ್ತವೆ."

"ಯಾವ ಒಂದು?"

"ಯಾವುದಾದ್ರೂ."

ಅವಳು ಕನ್ನಡಕ ಏರಿಸಿ ಪರದೆಯನ್ನು ಬೆರಳಿಟ್ಟು ಓದಿದಳು. "ನಿನ್ನ ಹೆಸರು ಒಂದು ಕಡೆ. ಅವರದೂ ಒಂದು ಕಡೆ. ದೊಡ್ಡವಳದು ಒಂದು ಕಡೆ. ನನ್ನದು ಮೂರು ಕಡೆ ಇದೆಯಲ್ಲೇ! ನಾನೇ ಫಸ್ಟು."

"ಪ್ರೈಜು ಕೊಡಲ್ಲ ಅಮ್ಮ."

"ಬೇಡ ಬಿಡು" ಎಂದು ಗಟ್ಟಿಯಾಗಿ ನಕ್ಕಳು. ನಾನೂ ನಕ್ಕೆ. ಇವರೂ ಒಳಗಿನಿಂದ ಬಂದು, ಏನೆಂದು ಗೊತ್ತಿಲ್ಲದೆಯೇ ನಕ್ಕರು.

ವಿಭಾಗದ ಸುದ್ದಿಯೊಂದು ಉಳಿಯಿತು. ನಮ್ಮಲ್ಲೊಬ್ಬರು "ಆದರೆ ಮೇಷ್ಟ್ರು" ಇದ್ದಾರೆ. ಅವರಿಗೆ ನಮಸ್ಕಾರ ಅಂದರೂ "ಆದರೆ" ಅಂತಲೇ ಶುರು ಮಾಡುತ್ತಾರೆ. ಕಳೆದ ವಾರ ನನ್ನ ಕೋಣೆಗೆ ಬಂದು, ಕೂರದೆ, "ಸಾಧನೆ ಚೆನ್ನಾಗಿದೆ ಕಣಮ್ಮ. ಆದರೆ..." ಅಂದರು. ಬೋರ್ಡಿನ ಮೇಲೆ ಪುಟ್ಟದೊಂದು ಸೂತ್ರ ಬರೆದರು. ಅದರಲ್ಲಿ ಅತಿ ಹೆಚ್ಚು ಸಲ ಬರುವ ಹೆಸರನ್ನು ನನ್ನ ನಿಯಮದ ಪ್ರಕಾರ ಮೊದಲೇ ಆಚೆಗಿಟ್ಟರೆ, ಮುಂದಿನದೆಲ್ಲ ಬೆಣ್ಣೆಯಂತೆ ಸಾಗುತ್ತದೆ, ಎಲ್ಲರೂ ಸುಮ್ಮನಾಗುತ್ತಾರೆ. ಕೊಟ್ಟಕೊನೆಯ ಬೇಡಿಕೆಗೆ ಬಂದಾಗ ಗೊತ್ತಾಗುತ್ತದೆ, ಮೊದಲ ಹೆಜ್ಜೆಯೇ ತಪ್ಪು. ಆ ಹೆಸರು ಒಳಗಿರಲೇಬೇಕಿತ್ತು. "ಪರವಾಗಿಲ್ಲ, ಆದರೆ ಪೂರ್ತಿ ಹಿಂದಕ್ಕೆ ಬಂದು ಮತ್ತೆ ಶುರು ಮಾಡಬೇಕಾಗುತ್ತೆ" ಅಂದರು. ಒಳ್ಳೆಯ ಮನುಷ್ಯ. ಡಸ್ಟರನ್ನು ಅದರ ಜಾಗದಲ್ಲೇ ಇಟ್ಟು ಹೋದರು. ನಾನು ಬೋರ್ಡು ಒರೆಸಿಲ್ಲ. ನಿಯಮ ಸತ್ತಿತು, ಅದರ ಜೊತೆ ನನ್ನ ಕೆಲಸವೂ ಬಹುಶಃ ಮುಂದಿನ ವರ್ಷ ಸಾಯುತ್ತದೆ. ಆದರೆ (ನೋಡು, ನನಗೂ ಅಂಟಿತು) ನಾನು ಅತ್ತದ್ದು ಅದಕ್ಕಲ್ಲ.

ಭಾವನಿಗೆ ನಮಸ್ಕಾರ ಹೇಳು. ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ. ಚೆನ್ನಾಗಿ ಓದಲಿ, ಆದರೆ ನನ್ನಷ್ಟು ಬೇಡ. ನೀನು ಮೆಟ್ಟಿಲು ಹತ್ತುವಾಗ ನಿಧಾನ.

ಇಂತಿ ನಿನ್ನ ತಂಗಿ,
ತೃಪ್ತಿ ಡಾಕ್ಟರ್

ತಾ.ಕ.: ಕೆಮ್ಮು ಅಮ್ಮನ ಪಕ್ಕದ ಮಂಚದವರದು. ಕುರ್ಚಿ ಸುಮ್ಮನಾಗಿರುವುದು ಅದರಲ್ಲಿ ಯಾರೂ ಕೂರದೇ ಇರುವುದರಿಂದ. ಆ ಭಾನುವಾರ ನಕ್ಕವಳು ಆ ವಾರದಲ್ಲೇ ತಾನಾಗಿ ವಿಚಾರಿಸಿ, ಎದುರು ಮನೆಯಾಕೆಯ ಕೈಯಲ್ಲಿ ಆಟೋ ತರಿಸಿಕೊಂಡು, ಬಸ್ ನಿಲ್ದಾಣದ ಆಚೆಗಿನ ವೃದ್ಧಾಶ್ರಮಕ್ಕೆ ಹೋಗಿ ಸೇರಿದಳು. ನಾನು ಓಡಿಹೋದಾಗ ಮಂಚದ ಮೇಲೆ ಸೀರೆ ಮಡಿಸುತ್ತಾ ಕೂತಿದ್ದಳು. "ನಿನ್ನ ನಿಯಮಾನೇ ಅಲ್ವೇನೇ? ಈಗ ನಿನ್ನ ಯಂತ್ರಾನ ಕೇಳು, ಎಲ್ಲ ಸರಿಹೋಗಿರುತ್ತೆ. ದೊಡ್ಡವಳಿಗೆ ಹೇಳಬೇಡ, ಕೆಲಸ ಬಿಟ್ಟು ಓಡಿ ಬರ್ತಾಳೆ" ಅಂದಳು. ಮನೆಗೆ ಬಂದು, ಸೂತ್ರದಿಂದ ಅಮ್ಮನ ಹೆಸರು ತೆಗೆದು ಕೇಳಿದೆ, ಅಕ್ಕಾ. ಯಾಕೆ ಕೇಳಿದೆನೋ. ಅದು "ತೃಪ್ತ" ಅಂತು.

ಆದರೆ ಮೇಷ್ಟ್ರು ಬಂದುಹೋದ ಸಂಜೆ ಮತ್ತೆ ಹೋದೆ. ನನ್ನ ನಿಯಮ ತಪ್ಪಂತೆ ಅಮ್ಮಾ, ಸಾಬೀತಾಗಿದೆ, ಹಿಂದಕ್ಕೆ ಬಂದು ಮೊದಲಿಂದ ಶುರು ಮಾಡೋಣ ಎಂದು ಕೈ ಹಿಡಿದು ಬೇಡಿಕೊಂಡೆ. "ನೀನು ಎಲ್ಲಿರ್ತೀಯ ಹಗಲೊತ್ತು?" ಅಂದಳು. ನಾನು ಹಿಡಿದ ಕೈ ಬಿಡಲಿಲ್ಲ. "ಯಂತ್ರ ಹಿಂದಕ್ಕೆ ಬರುತ್ತೆ ಕಣೇ. ನನಗೆ ಮಂಡಿನೋವು" ಎಂದು ನಕ್ಕು, ಗೋಡೆಯ ಕಡೆ ತಿರುಗಿ ಮಲಗಿದಳು.

ಒಂದು ಸಣ್ಣ ಕೆಲಸ ಮಾಡಿಕೊಡು. ಅಲ್ಲಿ ಅವಳ ಕನ್ನಡಕ ಬಿದ್ದು ಒಡೆದಿದೆ. ಹೊಸದು ಮಾಡಿಸೋಣವೆಂದರೆ "ಇಲ್ಲಿ ನೋಡೋಕೆ ಏನಿದೆ?" ಅನ್ನುತ್ತಾಳೆ, ಕಣ್ಣಿನ ಡಾಕ್ಟರ ಹತ್ತಿರ ಬರಲೊಲ್ಲಳು. ಹೋದ ಸಲ ಪರೀಕ್ಷೆ ಮಾಡಿಸಿದವಳು ನೀನು, ಚೀಟಿ ನಿನ್ನ ಹತ್ತಿರವೇ ಇರಬೇಕು. ಆ ನಂಬರು ಬರೆದು ಕಳಿಸು. ಎಡಗಣ್ಣಿನದು ಯಾವುದು, ಬಲಗಣ್ಣಿನದು ಯಾವುದು ಅಂತ ಅಕ್ಷರದಲ್ಲಿ ಬರೆ. ನಾನು ಅದಲುಬದಲು ಮಾಡಿಬಿಡುತ್ತೇನೆ.